ಸಂಜೆ ಆರು ಗಂಟೆಯ ಕ್ಲಾಸು

ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸೇರುವ ಫಾರಂ ನಮ್ಮ ಪಾಲಿಟೆಕ್ನಿಕ್ ಫಾರಂಗಿಂತ ಸರಳ. ಅಂಕಪಟ್ಟಿಯ ಐದು ಜೆರಾಕ್ಸ್ ಬೇಡ, ಗೆಜೆಟೆಡ್ ಆಫೀಸರ್ ಸಹಿ ಬೇಡ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಸುತ್ತೋದು ಬೇಡ. ಆದರೆ ಜಾತಿಯ ಕಾಲಂ ಅಲ್ಲೂ ಇದೆ, ಹೆಸರು ಮಾತ್ರ ಬೇರೆ. ಮೊದಲು ಒಂದು ಪ್ರಶ್ನೆ: ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಮೂಲದವರಾ, ಹೌದೋ ಅಲ್ಲವೋ. ಆಮೇಲೆ ಎರಡನೆಯದು: ಬಿಳಿಯರಾ, ಕರಿಯರಾ, ಏಷ್ಯನ್ನರಾ, ಅಮೆರಿಕದ ಮೂಲನಿವಾಸಿಗಳಾ, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರಾ? ಒಂದಕ್ಕಿಂತ ಹೆಚ್ಚು ಟಿಕ್ ಮಾಡಬಹುದು. ಹೇಳೋಕೆ ಇಷ್ಟ ಇಲ್ಲ ಅಂದರೆ ಖಾಲಿ ಬಿಡಬಹುದು. 2005ರಲ್ಲಿ ನಾನು ಡಿಪ್ಲೊಮಾ ಫಾರಂನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದರೆ ಕೌಂಟರಿನ ಗುಮಾಸ್ತರು ಅದನ್ನ ಅಲ್ಲಿಂದಲೇ ವಾಪಸ್ ತಳ್ಳುತ್ತಿದ್ದರು.

ನಾನು 'ಏಷ್ಯನ್' ಅಂತ ಟಿಕ್ ಹಾಕಿದೆ. ಮಜಾ ಏನು ಅಂದರೆ, ಅಲ್ಲಿನ ಕೇಂದ್ರ ಸರ್ಕಾರ ಕಾಲೇಜುಗಳಿಂದ ಪ್ರತಿವರ್ಷ ತರಿಸಿಕೊಳ್ಳೋ ಅಂಕಿಅಂಶದಲ್ಲಿ ಆ ಟಿಕ್ಕಿಗೆ ಬೆಲೆಯೇ ಇಲ್ಲ. ತಾತ್ಕಾಲಿಕ ವೀಸಾದ ಮೇಲೆ ಬಂದವರೆಲ್ಲ 'ಅನಿವಾಸಿ' ಅನ್ನೋ ಒಂದೇ ಗೂಡಿಗೆ ಹೋಗ್ತಾರೆ. ನೈಜೀರಿಯಾದವನಾಗಲಿ, ನಾರ್ವೆಯವನಾಗಲಿ, ತಿಪಟೂರು ಕಡೆಯ ನಾನಾಗಲಿ, ಎಲ್ಲ ಅದೇ ಗೂಡು. ನನ್ನ ಬಣ್ಣ ಯಾವುದು ಅನ್ನೋದು ಅವರಿಗೆ ಬೇಕಿಲ್ಲ, ವೀಸಾ ಯಾವುದು ಅನ್ನೋದು ಬೇಕು.

ಸಾಫ್ಟ್‌ವೇರ್‌ನವನಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಏನು ಕೆಲಸ ಅಂತ ಕೇಳ್ತೀರಿ. 2023ರಲ್ಲಿ ಕಂಪನಿ ನನ್ನನ್ನು ಒಹಾಯೋ ರಾಜ್ಯದ ಕೊಲಂಬಸ್‌ಗೆ ಕಳಿಸಿತು. ಊರಿನ ದಕ್ಷಿಣಕ್ಕೆ ರಿಕನ್‌ಬ್ಯಾಕರ್ ಅನ್ನೋ ಸರಕು ವಿಮಾನ ನಿಲ್ದಾಣ ಇದೆ, ಅದರ ಸುತ್ತ ಕಣ್ಣು ಹಾಯುವಷ್ಟು ದೂರ ಗೋದಾಮುಗಳು. ಅಂಥ ಒಂದು ಗೋದಾಮಿನಲ್ಲಿ ಪಾರ್ಸೆಲ್ ಡಬ್ಬಗಳು ಬೆಲ್ಟಿನ ಮೇಲೆ ಓಡ್ತಾವೆ. ಯಾವ ಡಬ್ಬ ಯಾವ ಕಡೆ ತಿರುಗಬೇಕು ಅನ್ನೋದನ್ನ ನಮ್ಮ ಸಾಫ್ಟ್‌ವೇರು ಹೇಳುತ್ತೆ. ಆದರೆ ನಮ್ಮ ಸಾಫ್ಟ್‌ವೇರಿಗೆ ಬೆಲ್ಟಿನ ಜೊತೆ ನೇರ ಮಾತಿಲ್ಲ. ಮಧ್ಯದಲ್ಲಿ ಪಿಎಲ್‌ಸಿ ಅನ್ನೋ ಪೆಟ್ಟಿಗೆ ಕೂತಿರುತ್ತೆ, ಮೋಟರು, ಸೆನ್ಸರು, ಏರ್ ಸಿಲಿಂಡರುಗಳಿಗೆಲ್ಲ ಅದೇ ಯಜಮಾನ. ಪ್ರತಿ ಸಲ ಬೆಲ್ಟ್ ನಿಂತಾಗ ನಾವು ಪಿಎಲ್‌ಸಿಯವರ ಕಡೆ ಬೆರಳು ತೋರಿಸ್ತಿದ್ವಿ, ಅವರು ನಮ್ಮ ಕಡೆ. ಅಲ್ಲಿನ ಮೇಂಟೆನೆನ್ಸ್ ಟೆಕ್ನಿಷಿಯನ್ ಒಬ್ಬರು ಒಂದು ದಿನ ಸಾಕಾಗಿ, "ನೀನು ಹೋಗಿ ಒಂದು ಸಂಜೆ ಕ್ಲಾಸಿಗೆ ಸೇರ್ಕೋ, ನಾನೂ ಅಲ್ಲೇ ಕಲಿತದ್ದು" ಅಂದರು. 2024ರ ಜನವರಿಯಲ್ಲಿ ಸೇರಿದೆ. ವಾರಕ್ಕೆ ಎರಡು ದಿನ, ಸಂಜೆ ಆರರಿಂದ ಒಂಬತ್ತೂವರೆ.

ಆ ಕ್ಲಾಸು 'ಎಲೆಕ್ಟ್ರೋಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ' ಅನ್ನೋ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯ ಒಂದು ಭಾಗ. ಹೆಸರು ಉದ್ದ, ವಿಷಯ ಸರಳ: ಕರೆಂಟೂ ಗೊತ್ತಿರಬೇಕು, ಗೇರು ಬೇರಿಂಗೂ ಗೊತ್ತಿರಬೇಕು. ಮೋಟರ್ ಕಂಟ್ರೋಲು, ಹೈಡ್ರಾಲಿಕ್ಸು, ನ್ಯೂಮ್ಯಾಟಿಕ್ಸು, ರೋಬೋಟು, ಸ್ವಲ್ಪ ಗಣಿತ, ಒಂದು ಇಂಗ್ಲಿಷ್ ಪೇಪರು. ಪಾಸಾದವರು ಕಾರ್ಖಾನೆ, ಗೋದಾಮು, ಆಸ್ಪತ್ರೆ, ಬಿಯರ್ ಫ್ಯಾಕ್ಟರಿ, ಎಲ್ಲಿ ಯಂತ್ರ ನಿಲ್ಲಬಾರದೋ ಅಲ್ಲಿ ಕೆಲಸಕ್ಕೆ ಹೋಗ್ತಾರೆ. ಇದರ ಹತ್ತಿರದ ನಂಟ 'ಮೆಕಟ್ರಾನಿಕ್ಸ್'. ಆ ಪದ ಹುಟ್ಟಿದ್ದು 1969ರಲ್ಲಿ, ಜಪಾನಿನ ಯಸ್ಕಾವಾ ಕಂಪನಿಯ ಎಂಜಿನಿಯರ್ ಟೆಟ್ಸುರೊ ಮೋರಿ ಬಾಯಲ್ಲಿ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಇದು ಡಿಪ್ಲೊಮಾ. ನಾನೂ ಡಿಪ್ಲೊಮಾದವನೇ. ಎಸ್ಸೆಸ್ಸೆಲ್ಸಿ ಆದಮೇಲೆ ನಮ್ಮ ಕಡೆಯ ಒಂದು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಎಲೆಕ್ಟ್ರಿಕಲ್ ಓದಿ, ಡಿಪ್ಲೊಮಾ ಸಿಇಟಿ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಹಾರಿಕೊಂಡವನು. ಬಿಇ ಕ್ಲಾಸಿನಲ್ಲಿ ನಮ್ಮನ್ನು 'ಡಿಪ್ಲೊಮಾದೋರು' ಅಂತಲೇ ಕರೀತಿದ್ರು. ನಮ್ಮದೇ ಒಂದು ಬೆಂಚು ಇತ್ತು.

ಹಾಗಾಗಿ ಆ ಸಂಜೆ ಲ್ಯಾಬಿನ ಬಾಗಿಲು ತೆರೆದಾಗ ಮೂಗಿಗೆ ಬಡಿದ ವಾಸನೆ ನನಗೆ ಹೊಸದಲ್ಲ. ಕಟಿಂಗ್ ಆಯಿಲು, ಬಿಸಿಯಾದ ವೈಂಡಿಂಗು, ಹಳೇ ರಬ್ಬರು. ಹೊಸದಾಗಿದ್ದದ್ದು ಒಳಗೆ ಕೂತಿದ್ದ ಜನ.

ನನ್ನನ್ನೂ ಸೇರಿಸಿ ಹದಿನೇಳು ಮಂದಿ. ಮುಂದಿನ ಬೆಂಚಿನಲ್ಲಿ ಮೀಸೆ ಚಿಗುರದ ಹುಡುಗ. ಅವನಿಗೆ ಹದಿನೇಳು, ಇನ್ನೂ ಹೈಸ್ಕೂಲು ಮುಗಿದಿಲ್ಲ. ಒಹಾಯೋದಲ್ಲಿ 'ಕಾಲೇಜ್ ಕ್ರೆಡಿಟ್ ಪ್ಲಸ್' ಅನ್ನೋ ಯೋಜನೆ ಇದೆ. ಹೈಸ್ಕೂಲು ಮಕ್ಕಳು ಅಲ್ಲಿರುವಾಗಲೇ ಕಾಲೇಜಿನ ಪಾಠ ಬಿಟ್ಟಿಯಾಗಿ ಓದಿಕೊಳ್ಳಬಹುದು. ಅವರಮ್ಮ ಒಂಬತ್ತೂವರೆಗೆ ಕಾರು ತಂದು ಹೊರಗೆ ಕಾಯ್ತಿದ್ದರು. ಅವನ ಪಕ್ಕದ ಸೀಟಿನವರಿಗೆ ಐವತ್ತಮೂರು. ಇಪ್ಪತ್ತಾರು ವರ್ಷ ಒಂದು ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಪ್ರೆಸ್ ನಡೆಸಿದ್ದಾರೆ, ಕಾರ್ಖಾನೆ ಮುಚ್ಚಿದೆ. ಮೋಟರ್ ಶಬ್ದ ಕೇಳಿ ಯಾವ ಕಡೆಯ ಬೇರಿಂಗ್ ಹೋಗಿದೆ ಅಂತ ಹೇಳಬಲ್ಲರು, ಲ್ಯಾಪ್‌ಟಾಪಿನಲ್ಲಿ ಫೈಲ್ ಎಲ್ಲಿ ಸೇವ್ ಆಯ್ತು ಅಂತ ಮಾತ್ರ ಗೊತ್ತಾಗಲ್ಲ. ಮೊದಲ ವಾರದಲ್ಲೇ ಇಬ್ಬರಿಗೂ ಒಂದು ಒಪ್ಪಂದ ಆಗಿತ್ತು. ಹುಡುಗ ಫೈಲ್ ಹುಡುಕಿ ಕೊಡೋದು, ಇವರು ಅವನಿಗೆ ಸ್ಕ್ರೂಡ್ರೈವರ್ ಹಿಡಿಯೋದು ಕಲಿಸೋದು.

ಸೈನ್ಯದಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡ್ತಿದ್ದ ಒಬ್ಬರು ಇದ್ದರು. ಅವರ ಫೀಸು ಜಿಐ ಬಿಲ್ಲಿನಿಂದ. ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು ಓದಲಿ ಅಂತ 1944ರಲ್ಲಿ ಮಾಡಿದ ಕಾನೂನು ಅದು, ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ನಡೀತಿದೆ. ಗೋದಾಮಿನಲ್ಲಿ ರಾತ್ರಿ ಪಾಳಿ ಫೋರ್ಕ್‌ಲಿಫ್ಟ್ ಓಡಿಸೋ ಸೋಮಾಲಿ ಒಬ್ಬ. ಕ್ಲಾಸ್ ಮುಗಿಸಿ ನೇರ ಕೆಲಸಕ್ಕೆ ಹೋಗ್ತಿದ್ದ; ಬ್ರೇಕ್‌ನಲ್ಲಿ ಕಾರಿಡಾರಿನ ಮೂಲೆಯಲ್ಲಿ ಜಾಕೆಟ್ ಹಾಸಿ ನಮಾಜು. ಕೊಲಂಬಸ್ ಅಮೆರಿಕದಲ್ಲಿ ಸೋಮಾಲಿಗಳು ತುಂಬ ಇರೋ ಊರುಗಳಲ್ಲಿ ಒಂದು. ಭೂತಾನದಿಂದ ಹೊರಹಾಕಿಸಿಕೊಂಡ ನೇಪಾಳಿ ಮಾತಿನವರೂ ಅಲ್ಲಿ ಸಾವಿರಾರು ಜನ. ಅವರಲ್ಲೊಬ್ಬ, ನೇಪಾಳದ ಝಾಪಾ ಜಿಲ್ಲೆಯ ನಿರಾಶ್ರಿತರ ಶಿಬಿರದಲ್ಲೇ ಹುಟ್ಟಿ ಬೆಳೆದವನು, ನನ್ನನ್ನು ನೋಡಿದ ತಕ್ಷಣ ಹಿಂದಿ ಶುರು ಮಾಡಿದ. ಅವನ ಹಿಂದಿ ಸಿನಿಮಾದಿಂದ ಬಂದದ್ದು, ನನ್ನದು ಬಿಟಿಎಂ ಲೇಔಟ್‌ನ ಪೀಜಿಯಿಂದ ಬಂದದ್ದು. ಇಬ್ಬರಿಗೂ ಸುಖ ಇಲ್ಲ, ಇಂಗ್ಲಿಷಿಗೆ ವಾಪಸ್ ಬಂದ್ವಿ. ಈಜಿಪ್ಟ್‌ನವರೊಬ್ಬರು ತಮ್ಮ ದೇಶದಲ್ಲಿ ಎಂಜಿನಿಯರು, ಇಲ್ಲಿ ಆ ಡಿಗ್ರಿಗೆ ಯಾರೂ ಕೆಲಸ ಕೊಡಲಿಲ್ಲ ಅಂತ ಟ್ಯಾಕ್ಸಿ ಓಡಿಸಿಕೊಂಡು ಕೆಳಗಿನಿಂದ ಮತ್ತೆ ಹತ್ತುತ್ತಾ ಇದ್ದರು. ಉಳಿದವರು ಮೂವತ್ತರ ಆಸುಪಾಸಿನ ಬಿಳಿ, ಕರಿ ಗಂಡಸರು, ಹೆಚ್ಚಿನವರಿಗೆ ಅವರವರ ಕಂಪನಿಯೇ ಫೀಸು ಕಟ್ಟೋದು, ಪಾಸಾದರೆ ಮಾತ್ರ.

ಹೆಂಗಸರು ಇಬ್ಬರು. ಒಬ್ಬಳು ಹತ್ತೊಂಬತ್ತರ ಹುಡುಗಿ, ಮೂರನೇ ವಾರದಿಂದ ಬರಲಿಲ್ಲ. ಇನ್ನೊಬ್ಬರು ನಲವತ್ತು ದಾಟಿದ, ಸ್ಕೂಲ್ ಬಸ್ ಓಡಿಸೋ ಹೆಂಗಸು. ಇಬ್ಬರು ಮಕ್ಕಳು, ಗಂಡ ಜೊತೆಗಿಲ್ಲ. ಬೆಳಿಗ್ಗೆ ಐದೂವರೆಗೆ ಬಸ್ ಶುರು ಮಾಡಿದರೆ ಸಂಜೆ ನಾಲ್ಕಕ್ಕೆ ಬಿಡುವು. ಯಾಕೆ ಈ ಕೋರ್ಸು ಅಂತ ಕೇಳಿದ್ದಕ್ಕೆ, "ಬಸ್ಸು ಕೆಟ್ಟು ನಿಂತಾಗ ಮೆಕ್ಯಾನಿಕ್ ಬರೋವರೆಗೆ ಬಾನೆಟ್ ಎತ್ತಿ ನಾನೇ ನೋಡ್ತಿದ್ದೆ. ಬಂದವನಿಗೆ ನನಗಿಂತ ಎರಡು ಪಟ್ಟು ಸಂಬಳ" ಅಂದರು.

ಈ ಕ್ಲಾಸನ್ನ ಈಗ ಆ ಫಾರಂ ಕಾಲಂಗಳಿಗೆ ತುಂಬಿಸಿ ನೋಡಿ. ಸೋಮಾಲಿಯೂ, ಏಳು ತಲೆಮಾರಿನಿಂದ ಅಮೆರಿಕದಲ್ಲೇ ಇರೋ ಕರಿಯನೂ ಒಂದೇ ಗೂಡು. ಶಿಬಿರದಲ್ಲಿ ಹುಟ್ಟಿದ ನೇಪಾಳಿಯೂ, ಕ್ಯಾಲಿಫೋರ್ನಿಯಾದ ಡಾಕ್ಟರ ಮಗನಾದ ಗುಜರಾತಿಯೂ 'ಏಷ್ಯನ್'. ಈಜಿಪ್ಟ್‌ನವರು ಲೆಕ್ಕದಲ್ಲಿ 'ಬಿಳಿಯರು'. ಅದನ್ನ ಹೇಳಿ ಅವರೇ ನಗ್ತಿದ್ದರು. ನಾವು ಆ ಕ್ಲಾಸಿನಲ್ಲಿ ಇದ್ದಾಗಲೇ, 2024ರ ಮಾರ್ಚ್‌ನಲ್ಲಿ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ಕಾಲಂ ಕೊಡ್ತೀವಿ ಅಂತ ಅಲ್ಲಿನ ಸರ್ಕಾರ ಹೇಳಿತು. "ಅಂತೂ ನನಗೂ ಒಂದು ಬಣ್ಣ ಬಂತು" ಅಂದರು ಅವರು.

ಲೆಕ್ಕ ಹಾಕೋದು ತಪ್ಪು ಅಂತ ನಾನು ಹೇಳ್ತಿಲ್ಲ. ಲೆಕ್ಕ ಹಾಕಿದ್ದರಿಂದಲೇ ನಾನು ಓದಿದ್ದು. ನಮ್ಮ ಪಾಲಿಟೆಕ್ನಿಕ್ ಸೀಟುಗಳಲ್ಲಿ ಆಗ ಎಸ್‌ಸಿಗೆ ನೂರಕ್ಕೆ 15, ಎಸ್‌ಟಿಗೆ 3, ಪ್ರವರ್ಗ-1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಜೊತೆಗೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲೇ ಓದಿದ್ದೇನೆ ಅನ್ನೋ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ. ಈ ಅಂಕಿಗಳನ್ನ ಬೆಂಗಳೂರಿನ ಕಾಫಿ ಟೇಬಲ್ಲಿನಲ್ಲಿ ಹೇಳಿದರೆ ಕೆಲವರು ಮುಖ ಸಿಂಡರಿಸ್ತಾರೆ, ಸಿಂಡರಿಸಲಿ ಬಿಡಿ. ನಮ್ಮ ಅರವತ್ತಮೂರು ಜನರ ಕ್ಲಾಸಿನಲ್ಲಿ ಕುರಿ ಕಾಯ್ತಿದ್ದವರ ಮಗ ಇದ್ದ, ಬೀಡಿ ಕಟ್ಟೋರ ಮಗ ಇದ್ದ, ಊರ ಹೊರಗಿನ ಕಾಲೋನಿಯಿಂದ ಬಂದು ಮೊದಲ ದಿನ ಕೊನೆ ಬೆಂಚು ಹುಡುಕಿಕೊಂಡು ಕೂತ ಹುಡುಗ ಇದ್ದ, ತಾಲೂಕಿನ ಎಲೆಕ್ಟ್ರಿಕಲ್ ಅಂಗಡಿ ಸಾಹುಕಾರರ ಮಗನೂ ಇದ್ದ. ಊರಿನಲ್ಲಿ ಒಟ್ಟಿಗೆ ಕೂತು ಉಣ್ಣದವರ ಮಕ್ಕಳು ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸ್ತಿದ್ವಿ. ಕೊಲಂಬಸ್ಸಿನ ಕ್ಲಾಸಿಗಿಂತ ಅದೇನೂ ಕಮ್ಮಿ ವೈವಿಧ್ಯ ಅಲ್ಲ.

ಆದರೆ ಒಂದು ವಿಷಯ ಇತ್ತು. ನಮ್ಮಲ್ಲಿ ಎಲ್ಲರಿಗೂ ಹದಿನಾರು. ಐಟಿಐ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ ನಾಲ್ಕೈದು ಜನಕ್ಕೆ ಹತ್ತೊಂಬತ್ತು, ಅವರನ್ನ ನಾವು 'ಅಣ್ಣ' ಅಂತಿದ್ವಿ. ಮೂರು ವರ್ಷದಲ್ಲಿ ನಾನು ಆ ಕಟ್ಟಡದಲ್ಲಿ ಇಪ್ಪತ್ತೈದು ದಾಟಿದ ವಿದ್ಯಾರ್ಥಿಯನ್ನ ಒಬ್ಬರನ್ನೂ ನೋಡಲಿಲ್ಲ. ಹಾಗೆ ನೋಡಿದರೆ ಕೆಲಸದಲ್ಲಿ ಇರೋರಿಗೆ ಸಂಜೆ ಪಾಲಿಟೆಕ್ನಿಕ್ ಅನ್ನೋದು ಬೆಂಗಳೂರಿನಂಥ ಊರಲ್ಲಿ ಇದೆ. ನಮ್ಮ ಕಡೆ ಸಂಜೆ ಆರಕ್ಕೆ ಕೊನೇ ಬಸ್ಸೇ ಹೋಗಿರ್ತಿತ್ತು. ಜಾತಿ, ಊರು, ಭಾಷೆ ಎಲ್ಲಕ್ಕೂ ಕಾಲಂ ಇತ್ತು. ಬದುಕಿನ ಯಾವ ವಯಸ್ಸಿನಲ್ಲಿ ಬಂದೆ ಅನ್ನೋದಕ್ಕೆ ಕಾಲಂ ಇರಲಿಲ್ಲ, ಯಾಕಂದರೆ ಉತ್ತರ ಒಂದೇ ಇತ್ತು.

ಹುಡುಗಿಯರು ಅರವತ್ತಮೂರರಲ್ಲಿ ಆರು. ಮೆಕ್ಯಾನಿಕಲ್ ಕ್ಲಾಸಿನಲ್ಲಿ ಸೊನ್ನೆ.

ಇಲ್ಲಿ ನಮ್ಮಕ್ಕನ ವಿಷಯ ಹೇಳಬೇಕು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮ್ಮ ತೆಂಗಿನ ತೋಟದ ಬೋರ್‌ವೆಲ್ ಸ್ಟಾರ್ಟರ್ ಕೆಟ್ಟರೆ ಅಪ್ಪ ಲೈನ್‌ಮನ್ ಮನೆ ಕಡೆ ಸೈಕಲ್ ತಿರುಗಿಸೋ ಹೊತ್ತಿಗೆ ಅವಳು ಫ್ಯೂಸ್ ಕಿತ್ತು, ಒಣ ಹಲಗೆ ಮೇಲೆ ನಿಂತು, ಡಬ್ಬ ತೆಗೆದಿರ್ತಿದ್ದಳು. ಎಷ್ಟೋ ಸಲ ಒಳಗೆ ಹಲ್ಲಿ ಸೇರಿಕೊಂಡು ಸುಟ್ಟು ಕರಕಲಾಗಿರ್ತಿತ್ತು. ಅದನ್ನ ಕಡ್ಡಿಯಲ್ಲಿ ಎತ್ತಿ ಬಿಸಾಕಿ, ಕಪ್ಪಾದ ಕಾಂಟ್ಯಾಕ್ಟುಗಳನ್ನ ಎಮರಿ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಫ್ಯೂಸ್ ಹಾಕಿ ಹಸಿರು ಬಟನ್ ಒತ್ತೋಳು. ಟಕ್ ಅಂತ ಹಿಡಿದುಕೊಂಡರೆ ಮುಗೀತು. ಯಾರೂ ಹೇಳಿಕೊಟ್ಟದ್ದಲ್ಲ, ಲೈನ್‌ಮನ್ ಮಾಡೋದನ್ನ ಎರಡು ಸಲ ನೋಡಿದ್ದಳು ಅಷ್ಟೆ.

2001ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಪಾಲಿಟೆಕ್ನಿಕ್‌ಗೆ ಹಾಕ್ತೀನಿ ಅಂದಳು. ಮನೇಲಿ ಜಗಳ ಏನೂ ಆಗಲಿಲ್ಲ, ಅಷ್ಟು ಮಾತೇ ಬೆಳೀಲಿಲ್ಲ. ಎರಡು ಬಸ್ ಬದಲಾಯಿಸಬೇಕು, ಗಂಡುಹುಡುಗರ ಮಧ್ಯೆ ಗ್ರೀಸು ಮೆತ್ತಿಕೊಂಡು ನಿಲ್ಲಬೇಕು, ನಾಳೆ ನೋಡೋಕೆ ಬಂದೋರಿಗೆ ಏನು ಹೇಳೋದು, ಅಂತ ಅಪ್ಪ ಒಂದೇ ಉಸಿರಲ್ಲಿ ಹೇಳಿದರು. ಹತ್ತಿರದ ಜೂನಿಯರ್ ಕಾಲೇಜಿನಲ್ಲಿ ಆರ್ಟ್ಸ್ ಆಯ್ತು, ಹತ್ತೊಂಬತ್ತಕ್ಕೆ ಮದುವೆ ಆಯ್ತು. ನಾಲ್ಕು ವರ್ಷ ಆದಮೇಲೆ ಅದೇ ಎರಡು ಬಸ್ ಬದಲಾಯಿಸಿ ನಾನು ಹೋಗುವಾಗ ಯಾರಿಗೂ ದೂರ ಅನ್ನಿಸಲಿಲ್ಲ. ಈಗ ಅವಳು ಗಂಡನ ಊರಲ್ಲಿ ಹಿಟ್ಟಿನ ಗಿರಣಿ ನಡೆಸ್ತಾಳೆ. ಮೋಟರು, ಬೆಲ್ಟು, ಸ್ಟಾರ್ಟರು ಎಲ್ಲ ಅವಳದೇ ರಿಪೇರಿ. ಭಾವನ ಕೆಲಸ ಹೊಗಳೋದು.

ಕ್ಲಾಸಿನ ಎರಡನೇ ವಾರ ಮೇಷ್ಟ್ರು ಮೊದಲ ಪಿಎಲ್‌ಸಿ ಪ್ರೋಗ್ರಾಂ ಬರೆಸಿದರು. (ಎಲ್ಲರೂ ಅವರನ್ನ ಹೆಸರು ಹಿಡಿದು ಕರೀತಿದ್ದರು. ನನ್ನ ಬಾಯಿಂದ ಕೊನೆಯವರೆಗೂ 'ಸರ್' ಬಿಟ್ಟು ಬೇರೆ ಬರಲಿಲ್ಲ. ಅವರೂ ಪೂರ್ತಿ ಮೇಷ್ಟ್ರಲ್ಲ. ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿ ನಿವೃತ್ತರಾದವರು, ಸಂಜೆ ಹೊತ್ತು ಪಾಠ.) ಪಿಎಲ್‌ಸಿ ಹುಟ್ಟಿದ್ದು 1960ರ ದಶಕದ ಕೊನೆಗೆ, ಅಮೆರಿಕದ ಕಾರ್ ಕಾರ್ಖಾನೆಗಳಲ್ಲಿ ಗೋಡೆ ತುಂಬ ಇರ್ತಿದ್ದ ರಿಲೇಗಳನ್ನ ತೆಗೆದುಹಾಕೋದಕ್ಕೆ. ಅದು ಕಂಪ್ಯೂಟರೇ, ಆದರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್ನುಗಳು ಕಂಪ್ಯೂಟರ್ ಭಾಷೆ ಎಲ್ಲಿ ಕಲೀತಾರೆ? ಹಾಗಾಗಿ ಅವರಿಗೆ ಮೊದಲೇ ಓದೋಕೆ ಬರ್ತಿದ್ದ ರಿಲೇ ಚಿತ್ರವನ್ನೇ ಪ್ರೋಗ್ರಾಂ ಭಾಷೆ ಮಾಡಿದರು. ಏಣಿಯ ಥರ ಕಾಣುತ್ತೆ, ಅದಕ್ಕೇ ಲ್ಯಾಡರ್ ಲಾಜಿಕ್ ಅಂತ ಹೆಸರು. ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಟೆಕ್ಸ್ಟ್ ಬುಕ್ ಮುಂದೆ ಕಣ್ಣುಕಣ್ಣು ಬಿಟ್ಟ ನನಗೆ ಇದು ದೊಡ್ಡ ವಿಷಯ ಅನ್ನಿಸಿತು. ಯಂತ್ರ ಕೆಲಸಗಾರನ ಭಾಷೆ ಕಲಿತಿತ್ತು!

ಆ ಮೊದಲ ಪ್ರೋಗ್ರಾಂ ಏನು ಗೊತ್ತಾ? ಒಂದು ಹಸಿರು ಬಟನು, ಒಂದು ಕೆಂಪು ಬಟನು, ಒಂದು ಮೋಟರು. ಹಸಿರು ಒತ್ತಿದರೆ ಮೋಟರ್ ಶುರು. ಕೈ ತೆಗೆದರೂ ನಿಲ್ಲಬಾರದು, ಯಾಕಂದರೆ ಮೋಟರಿನದೇ ಒಂದು ಕಾಂಟ್ಯಾಕ್ಟು ಹಸಿರು ಬಟನ್ನಿನ ಪಕ್ಕದಲ್ಲಿ ಕೂತು ದಾರಿಯನ್ನ ಹಿಡಿದುಕೊಂಡಿರುತ್ತೆ. ಕೆಂಪು ಒತ್ತಿದರೆ ಮಾತ್ರ ಕಡಿದುಹೋಗುತ್ತೆ.

ಬ್ರೇಕ್ ಏಳೂಮುಕ್ಕಾಲಿಗೆ. ನಮ್ಮೂರಲ್ಲಿ ಬೆಳಗಿನ ಆರೂಕಾಲು. ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ, ಹಿಮ ತೋರಿಸೋಣ ಅಂತ. ಅವಳಿಗೆ ಹಿಮ ಬೇಕಾಗಿರಲಿಲ್ಲ. ಹಿಂದೆ ಕಾಣ್ತಿದ್ದ ಬೋರ್ಡ್ ಕಡೆ ಕೈ ತೋರಿಸಿ, "ಏನೋ ಅದು?" ಅಂದಳು. ಫೋನ್ ಹತ್ತಿರ ಹಿಡಿದು, ಇದು ಬಟನು, ಇದು ಕಾಂಟ್ಯಾಕ್ಟು, ಇದು ಮೋಟರು ಅಂತ ಹೇಳಿದೆ. ಎರಡು ನಿಮಿಷ ನೋಡಿದಳು.

"ಇದು ನಮ್ಮ ಸ್ಟಾರ್ಟರ್ ಅಲ್ವೇನೋ? ಬಟನ್ ಬಿಟ್ಟ ಮೇಲೂ ಹಿಡ್ಕೊಂಡಿರೋದು?"

"ಹೌದು ಕಣಕ್ಕ, ಅದೇ."

"ಇದನ್ನ ಕಲಿಯೋಕೆ ಅಮೆರಿಕಕ್ಕೆ ಹೋಗಿದೀಯಾ?" ಅಂತ ನಕ್ಕಳು. ಆಮೇಲೆ ಹಿಂದೆ ಕಾಫಿ ಲೋಟ ಹಿಡಿದು ಹೋಗ್ತಿದ್ದ ಬಸ್ ಓಡಿಸೋರನ್ನ ನೋಡಿ, "ಆಯಮ್ಮ ಯಾರು, ಟೀಚರಾ?" ಅಂದಳು. ಅಲ್ಲ, ನನ್ನ ಕ್ಲಾಸ್‌ಮೇಟು, ಬಸ್ ಓಡಿಸ್ತಾರೆ, ಇಬ್ಬರು ಮಕ್ಕಳಿದ್ದಾರೆ ಅಂದೆ. ಅಕ್ಕ ಒಂದು ಕ್ಷಣ ಸುಮ್ಮನಾದಳು. "ನನ್ನ ವಯಸ್ಸಿರಬೇಕು," ಅಂದಳು. "ಈ ವಯಸ್ಸಿಗೆ ಸೇರಿಸ್ಕೊಳ್ತಾರಾ?"

ಸೇರಿಸ್ಕೊಳ್ತಾರೆ. ಆ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ಹೈಸ್ಕೂಲು ಮುಗಿಸಿರಬೇಕು ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು, ಅಷ್ಟೆ. ರ‍್ಯಾಂಕ್ ಇಲ್ಲ, ಕೌನ್ಸೆಲಿಂಗ್ ಇಲ್ಲ, ಕಟ್-ಆಫ್ ಇಲ್ಲ. ಗಣಿತ ಮರೆತಿದ್ದರೆ ಎಷ್ಟು ಮರೆತಿದ್ದೀರಿ ಅಂತ ನೋಡಿ ಅಲ್ಲಿಂದಲೇ ಶುರು ಮಾಡಿಸ್ತಾರೆ. ಆದಾಯ ಕಮ್ಮಿ ಇದ್ದರೆ ಪೆಲ್ ಗ್ರ್ಯಾಂಟ್ ಅನ್ನೋ ನೆರವು, ಆ ವರ್ಷ ಗರಿಷ್ಠ 7,395 ಡಾಲರ್, ವಾಪಸ್ ಕಟ್ಟೋ ಹಾಗಿಲ್ಲ. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹಾರ್ವರ್ಡ್ ಕೇಸಿನಲ್ಲಿ, ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಾಗ ನಮ್ಮ ಆಫೀಸಿನ ದೇಸಿ ಅಪ್ಪಂದಿರೆಲ್ಲ ವಾರಗಟ್ಟಲೆ ಅದನ್ನೇ ಮಾತಾಡಿದರು. ನನ್ನ ಸಂಜೆ ಕ್ಲಾಸಿನಲ್ಲಿ ಅದರ ಸುದ್ದಿಯೇ ಬರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರೋ ಕಡೆ ಯಾರನ್ನ ಆರಿಸಬೇಕು ಅನ್ನೋ ತಕರಾರೇ ಹುಟ್ಟಲ್ಲ.

ಹಾಗಂತ ಅದು ಸ್ವರ್ಗ ಅಲ್ಲ. ಒಳಗೆ ಬರೋದು ಸುಲಭ, ಉಳಿಯೋದು ಕಷ್ಟ. ಜನವರಿಯಲ್ಲಿ ಹದಿನೇಳು ಇದ್ದವರು ಮೇ ಹೊತ್ತಿಗೆ ಹನ್ನೊಂದು. ಸೋಮಾಲಿ ಹುಡುಗನ ಪಾಳಿ ಬದಲಾಯ್ತು, ಹೋದ. ಒಬ್ಬನ ಕಾರು ಕೆಟ್ಟಿತು. ಕೇಳೋಕೆ ಸಣ್ಣ ವಿಷಯ, ಆದರೆ ಆ ಊರಲ್ಲಿ ಕಾರಿಲ್ಲ ಅಂದರೆ ಕಾಲಿಲ್ಲ. ಹತ್ತೊಂಬತ್ತರ ಹುಡುಗಿ ಯಾಕೆ ಬಿಟ್ಟಳೋ ಯಾರೂ ಕೇಳಲಿಲ್ಲ. ಲ್ಯಾಬಿನಲ್ಲಿ ಅವಳ ಕೈಯಿಂದ ಟೂಲ್ ತೆಗೆದುಕೊಂಡು 'ನಾನು ಮಾಡಿಕೊಡ್ತೀನಿ' ಅನ್ನೋರು ಮೊದಲ ದಿನದಿಂದ ಇಬ್ಬರಿದ್ದರು, ಅದನ್ನ ಮಾತ್ರ ನಾನು ನೋಡಿದ್ದೆ. ಸೇರುವಾಗ ಎಣಿಸಿದ ವೈವಿಧ್ಯ ಪಾಸಾಗುವಾಗ ಅಷ್ಟೇ ಇರಲ್ಲ. ಇನ್ನೊಂದು ವಿಷಯದಲ್ಲಿ ನಮ್ಮದೇ ವಾಸಿ. ಇಲ್ಲಿ ಡಿಪ್ಲೊಮಾ ಮುಗಿಸಿದವನು ಬಿಇ ಎರಡನೇ ವರ್ಷಕ್ಕೆ ಕಾಲಿಡಬಹುದು. ಅಲ್ಲಿ ಈ ಥರದ ಅಸೋಸಿಯೇಟ್ ಡಿಗ್ರಿ ಮುಗಿಸಿ ಎಂಜಿನಿಯರಿಂಗ್‌ಗೆ ಹೋಗ್ತೀನಿ ಅಂದರೆ ಓದಿದ ಅರ್ಧ ವಿಷಯ ಲೆಕ್ಕಕ್ಕೆ ಬರದೆ ಹೋಗಬಹುದು. ಕ್ಯಾಲ್ಕುಲಸ್ ಮತ್ತೆ ಮೊದಲಿಂದ. ಡಿಪ್ಲೊಮಾದೋರ ಬೆಂಚು ಅಂತ ನಮ್ಮನ್ನ ಆಡಿಕೊಂಡರೂ, ಬೆಂಚು ಅಂತ ಒಂದು ಇತ್ತಲ್ಲ.

ಬೆಂಗಳೂರಿಗೆ ವಾಪಸ್ ಬಂದ ತಿಂಗಳಿಗೆ ಆಫೀಸಿನಲ್ಲಿ ಡೈವರ್ಸಿಟಿ ವಾರ. ಎಚ್‌ಆರ್‌ನವರು ಒಂದು ವೃತ್ತ ತೋರಿಸಿದರು, ನೀಲಿ ಇಷ್ಟು, ಗುಲಾಬಿ ಇಷ್ಟು. ಗುಲಾಬಿ ಜಾಸ್ತಿ ಆಗಿದೆ, ಎಲ್ಲರೂ ಚಪ್ಪಾಳೆ ತಟ್ಟಿದ್ವಿ, ನಾನೂ ತಟ್ಟಿದೆ. ನಮ್ಮ ಟೀಮಿನಲ್ಲಿ ಹದಿನಾಲ್ಕು ಜನ. ಎಲ್ಲರೂ ಇಪ್ಪತ್ತೊಂದು-ಇಪ್ಪತ್ತೆರಡಕ್ಕೆ ಡಿಗ್ರಿ ಮುಗಿಸಿದವರು, ಓದು ಮತ್ತು ಕೆಲಸದ ಮಧ್ಯೆ ಒಂದು ವರ್ಷದ ಖಾಲಿ ಜಾಗ ಇದ್ದರೆ ರೆಸ್ಯೂಮೆ ಫಿಲ್ಟರಿನಲ್ಲೇ ಬೀಳುತ್ತೆ. ಆ ಫಿಲ್ಟರಿಗೆ ಬಸ್ ಓಡಿಸೋರ ರೆಸ್ಯೂಮೆ ಹಾಕಿದರೆ ಏನಾಗುತ್ತೆ ಅಂತ ಯೋಚನೆ ಬಂತು. ಅಕ್ಕನದಂತೂ ಇಲ್ಲವೇ ಇಲ್ಲ, ಅವಳು ರೆಸ್ಯೂಮೆ ಬರೆದವಳಲ್ಲ. ಬರೆದರೆ 'ಅನುಭವ' ಅನ್ನೋ ಕಡೆ ಏನು ಬರೀತಾಳೆ? ಮೂರು ಫೇಸ್ ಮೋಟರ್, ಇಪ್ಪತ್ತೆರಡು ವರ್ಷ.

ಅವಳಿಗೋಸ್ಕರ ಸ್ವಲ್ಪ ವಿಚಾರಿಸಿದೆ. ಅವರ ಊರಿನಿಂದ ಹೋಗಿ ಬರಬಹುದಾದ ಪಾಲಿಟೆಕ್ನಿಕ್‌ನಲ್ಲಿ ಸಂಜೆ ಕ್ಲಾಸಿಲ್ಲ. ಹಗಲು ಸೇರಿದರೆ ಗಿರಣಿ ಯಾರು ನೋಡ್ಕೋತಾರೆ? ಕ್ಲಾಸಿನಲ್ಲಿ ತನ್ನ ಮಗನ ವಯಸ್ಸಿನ ಹುಡುಗರ ಮಧ್ಯೆ ಕೂರಬೇಕು ಅಂದಾಗ ಅವಳೇ "ಥೂ, ಸುಮ್ನಿರೋ" ಅಂದಳು. ಭಾವ ಮಾತ್ರ ಗಂಭೀರವಾಗಿ, "ಸೇರಲಿ ಬಿಡು, ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ" ಅಂದರು. ತಮಾಷೆಗೆ ಅಂದರೋ ನಿಜವಾಗಿ ಅಂದರೋ ಗೊತ್ತಾಗಲಿಲ್ಲ. ಅಕ್ಕನೂ ಗೊತ್ತಾಗದ ಹಾಗೆ ರಾಗಿ ಜರಡಿ ಹಿಡೀತಾ ಕೂತಳು.

ಲ್ಯಾಡರ್ ಲಾಜಿಕ್ ಕಲಿಯೋ ಒಂದು ಬಿಟ್ಟಿ ಸಾಫ್ಟ್‌ವೇರನ್ನ ಅವಳ ಮಗನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು ಬಂದಿದ್ದೇನೆ. ರಾತ್ರಿ ಗಿರಣಿ ಮುಚ್ಚಿದ ಮೇಲೆ ನೋಡ್ತಾಳಂತೆ. ಮೊನ್ನೆ ಎರಡು ಮೋಟರು ಬರೆದಿದ್ದಳು: ಮೊದಲನೆಯದು ಶುರುವಾಗಿ ಹತ್ತು ಸೆಕೆಂಡ್ ಆದಮೇಲೆ ಎರಡನೆಯದು ಶುರುವಾಗಬೇಕು. ಎರಡೂ ಒಟ್ಟಿಗೆ ಎಳೆದರೆ ಟಿಸಿಯಲ್ಲಿ ಫ್ಯೂಸ್ ಹೋಗುತ್ತೆ, ಅದಕ್ಕೆ ಅಂದಳು. ಯಾವ ಪುಸ್ತಕದಲ್ಲಿ ಓದಿದೆ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ.

ಭಾನುವಾರ ಫೋನ್ ಮಾಡಿದಾಗಲೆಲ್ಲ ಅವಳದು ಒಂದು ಪ್ರಶ್ನೆ ಇದ್ದೇ ಇರುತ್ತೆ. "ಆ ಬಸ್ಸಿನಮ್ಮ ಪಾಸಾದಳಾ?" ಬಸ್ಸಿನಮ್ಮ ನನಗೆ ಆಗೀಗ ಮೆಸೇಜ್ ಹಾಕ್ತಾರೆ, ಹಾಗಾಗಿ ಗೊತ್ತಿರುತ್ತೆ. ಇನ್ನೂ ಇಲ್ಲಕ್ಕ, ಎರಡು ವರ್ಷದ್ದನ್ನ ನಾಲ್ಕು ವರ್ಷಕ್ಕೆ ಹಂಚಿಕೊಂಡಿದ್ದಾರೆ, ಇನ್ನೊಂದು ಗಣಿತ ಉಳಿದಿದೆ ಅಂದೆ.

"ಗಣಿತ ಏನ್ ಮಹಾ," ಅಂದಳು ಅಕ್ಕ. "ಕೂತ್ಕೊಂಡ್ರೆ ಬರುತ್ತೆ. ಮಕ್ಕಳನ್ನ ಯಾರ ಹತ್ರ ಬಿಟ್ಟು ಹೋಗ್ತಾಳಂತೆ, ಕೇಳು."